ಒಂದೇ ಕೋಟಿನ ಮೂವರು ಸರದಾರರು

ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಹಳೇ ಸಾಮಾನಿನ ಹರಾಜು. ಕಾಫಿ ಫ್ರೀ ಅಂದರು, ಹೆಂಡತಿಯನ್ನೂ ಕರೆದುಕೊಂಡು ಹೋದೆ.

2023ರ ಮೇ ತಿಂಗಳಲ್ಲಿ ಟಿಪ್ಪುವಿನ ಕತ್ತಿಯೊಂದು ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತಲ್ಲ, ನಮ್ಮ ದುಡ್ಡಲ್ಲಿ 140 ಕೋಟಿಗೂ ಜಾಸ್ತಿ, ಅಲ್ಲಿಂದ ಈಚೆಗೆ ಶ್ರೀರಂಗಪಟ್ಟಣದಿಂದ ನಂಜನಗೂಡಿನವರೆಗೆ ಯಾರ ಮನೆ ಅಟ್ಟಕ್ಕೂ ನೆಮ್ಮದಿ ಇಲ್ಲ. ತುಕ್ಕು ಹಿಡಿದ ಈಳಿಗೆಮಣೆಗೂ ಒಂದು ಇತಿಹಾಸ ಹುಟ್ಟಿಕೊಂಡಿದೆ.

ಮೈಸೂರಿನವರಿಗೆ ಇನ್ನೊಂದು ಅನುಕೂಲ ಇದೆ. ಹಳೇ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಸುಟ್ಟುಹೋಯಿತು. ಹಾಗಾಗಿ ತಳ ಕಪ್ಪಾದ ಪಾತ್ರೆಯೆಲ್ಲ ‘ಅರಮನೆ ಬೆಂಕಿಯಿಂದ ಉಳಿದದ್ದು’. ಲಾಟ್ ನಂಬರ್ 11 ಅಂಥದ್ದೇ ಒಂದು ಹಿತ್ತಾಳೆ ಪಾತ್ರೆ. “ಬೆಂಕಿ ಅಲ್ಲ ರೀ, ಹಾಲು ಸೀದಿರೋದು” ಅಂದಳು ಹೆಂಡತಿ. 18 ಸಾವಿರಕ್ಕೆ ಹೋಯಿತು.

ಕ್ಯಾಟಲಾಗ್ ಓದಲು ಮಜವಾಗಿತ್ತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇಲ್ಲಿ ನೋಡಿದರೆ ಅವರು ಇನ್ನೂ ಬರೆಯುತ್ತಲೇ ಇದ್ದಾರೆ. ‘ರವಿವರ್ಮ ಶೈಲಿ’, ‘ರವಿವರ್ಮ ಬಳಗ’, ‘ರವಿವರ್ಮರದ್ದು ಎನ್ನಲಾದ’. ಯಾರು ಅಂದವರು? ಮಾರುವವರೇ. ಇನ್ನು ಕಾಲದ ಲೆಕ್ಕ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಚಿತ್ರ, ವಿಗ್ರಹ ಪುರಾತನ ವಸ್ತು, ದೇಶದಾಚೆ ಸಾಗಿಸುವಂತಿಲ್ಲ. ಅದಕ್ಕೇ ಎಲ್ಲದರ ಕೆಳಗೂ ‘ಸುಮಾರು 1920ರ ದಶಕ’ ಅಂತ ಬರೆದಿದ್ದರು. ಕೊಳ್ಳುವವನು ಕೇಳಿದರೆ ನೂರು ದಾಟಿದೆ. ಅಧಿಕಾರಿ ಕೇಳಿದರೆ ದಾಟಿಲ್ಲ.

ಮಂಡ್ಯದ ಬೆಲ್ಲದ ಹರಾಜಿನಲ್ಲಾದರೂ ಒಂದು ಚೂರು ಮುರಿದು ಬಾಯಿಗೆ ಹಾಕಿ ನೋಡಬಹುದು. ಇಲ್ಲಿ ಮುಟ್ಟಿದರೆ ಬಿಳಿ ಗ್ಲೌಸ್ ಹುಡುಗ ಓಡಿ ಬರುತ್ತಾನೆ.

ಲಾಟ್ ನಂಬರ್ 27, 28, 29: ‘ಮೈಸೂರು ಸಂಸ್ಥಾನದ ಅಪರಿಚಿತ ಸರದಾರರು’. ಬಣ್ಣ ಹಚ್ಚಿದ ಮೂರು ದೊಡ್ಡ ಫೋಟೊ, ತೇಗದ ಫ್ರೇಮು. ಮೂವರಿಗೂ ಜರಿ ಪೇಟ, ಉದ್ದ ಕೋಟು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. 28ನೆಯವರು ನಮ್ಮ ತಾತ.

ಮದ್ದೂರು ಕಡೆಯ ಮೂರೆಕರೆ ರೈತ. ದಸರಾ ನೋಡಲು ಬಂದವರು ಸ್ಟುಡಿಯೋಗೆ ನುಗ್ಗಿದ್ದರು. ಕೋಟು, ಪೇಟ, ಕೋಲು ಎಲ್ಲ ಸ್ಟುಡಿಯೋದವರದ್ದೇ. ಜನ್ಮದಲ್ಲಿ ಕೋಟು ಹಾಕಿದ್ದು ಆ ಐದು ನಿಮಿಷ ಮಾತ್ರ, ಕಂಕುಳು ಕೆರೀತು ಅಂತ ಸಾಯೋವರೆಗೂ ಹೇಳುತ್ತಿದ್ದರು. ಕೋಟಿನ ಮೂರನೇ ಗುಂಡಿ ಇರಲಿಲ್ಲ. 27ರ ಸರದಾರನಿಗೂ ಇಲ್ಲ, 29ರವನಿಗೂ ಇಲ್ಲ.

ಫೋಟೊ ಇಲ್ಲಿಗೆ ಬಂದದ್ದು ಹೇಗೆ ಅಂದರೆ, ಚಿಕ್ಕಪ್ಪ ಹೊಸ ಮನೆ ಕಟ್ಟಿಸಿದರು. ಸತ್ತವರ ಫೋಟೊ ಹಾಲ್‌ನಲ್ಲಿ ಇರಬಾರದು ಅಂತ ಇಂಟೀರಿಯರ್ ಹುಡುಗ ಹೇಳಿದ. ತಾತ ಗುಜರಿಗೆ ಹೋದರು, ಎರಡು ಪ್ಲಾಸ್ಟಿಕ್ ಬಕೆಟ್ ಬಂದವು. ಆ ಗೋಡೆಯ ಮೇಲೆ ಈಗ ಏಳು ಬಿಳಿ ಕುದುರೆ ಓಡುತ್ತಿವೆ.

ನಾನು ಎದ್ದು ನಿಂತು ಗುಂಡಿಯ ವಿಷಯ ಹೇಳಿದೆ. ಹರಾಜು ಕೂಗುವವರಿಗೆ ಖುಷಿಯೋ ಖುಷಿ. “ನೋಡಿ, ಒಂದೇ ಕೋಟು, ಒಂದೇ ವಂಶ! ತಲೆಮಾರಿನಿಂದ ತಲೆಮಾರಿಗೆ ಬಂದ ಕೋಟು!” ಅಂದುಬಿಟ್ಟರು. ಸರದಾರರ ಕಾಲಲ್ಲಿ ಚಪ್ಪಲಿ ಯಾಕಿಲ್ಲ ಅಂತ ಯಾರೋ ಕೇಳಿದರು. “ಸರಳತೆ ಸಾರ್.” ಬೆಲೆ ಏರಿತು. ಒಂದ್ಸಾರಿ, ಎರಡ್ಸಾರಿ, ಮೂರ್ಸಾರಿ. ಮೂವರೂ ಸೇರಿ 2 ಲಕ್ಷದ 40 ಸಾವಿರ, ಮೇಲೆ ಹರಾಜಿನವರ ಕಮಿಷನ್, ಅದರ ಮೇಲೆ ಜಿಎಸ್‌ಟಿ. ಕೊಂಡವರು ರೆಸಾರ್ಟ್ ಮಾಡುತ್ತಿದ್ದಾರಂತೆ. ಊಟದ ಹಾಲ್‌ನಲ್ಲಿ ‘ನಮ್ಮ ಹಿರಿಯರು’ ಅಂತ ಒಂದು ಗೋಡೆ ಬೇಕಂತೆ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬೆಲೆ ಕೇಳಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅಜ್ಜಿ ಫೋಟೊನೂ ಇತ್ತಲ್ಲ, ಎಲ್ಲೈತೆ ನೋಡು” ಅಂದರು.

ಅತ್ತೆಗೆ ಮಾತ್ರ ಬೇರೆ ಚಿಂತೆ. “ರೆಸಾರ್ಟ್‌ನವ್ರು ಪಿತೃಪಕ್ಷಕ್ಕೆ ಎಡೆ ಇಡ್ತಾರೇನೋ? ಅಪ್ಪಯ್ಯಂಗೆ ಬೋಟಿ ಗೊಜ್ಜು, ಮುದ್ದೆ ಇಲ್ದೆ ಆಗಲ್ಲ ಕಣೋ, ಹೇಳಿ ಬಾ.”

ವಿಚಾರಿಸಿದೆ. ಅದು ಶುದ್ಧ ಸಸ್ಯಾಹಾರಿ ರೆಸಾರ್ಟ್.