ಹೆತ್ತ ಡ್ರೈವಿಗೆ ಡಿಸ್ಕ್ ಮುದ್ದು

ಸರ್ವರಿನ ಬ್ಯಾಕಪ್ ತೆಗೆದಿಟ್ಟಿದ್ದೇನೆ ಎಂದು ಹೇಳುವಾಗ ನನ್ನ ದನಿಯಲ್ಲಿ ಒಂದು ಗತ್ತು ಇರುತ್ತಿತ್ತು. ಬರೀ ಬ್ಯಾಕಪ್ ಅಲ್ಲ, ಬೂಟ್ ಆಗುವ ಬ್ಯಾಕಪ್. ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಈ ಡಿವಿಡಿ ಹಾಕಿದರೆ ಸಾಕು, ಯಂತ್ರ ಅದರ ಬಲದಿಂದಲೇ ಎದ್ದು ಕುಳಿತು ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳಬೇಕು. ತಿಂಗಳಿಗೊಂದು ಡಿಸ್ಕ್ ಸುಟ್ಟು (ಡಿಸ್ಕಿಗೆ ಬರೆಯುವುದನ್ನು ನಾವು ಸುಡುವುದು ಎನ್ನುತ್ತೇವೆ), ಮೇಲೆ ತಾರೀಖು ಬರೆದು, ಡಬ್ಬಿಗೆ ಹಾಕುತ್ತಿದ್ದೆ. ಡಬ್ಬಿ ತುಂಬಿದ ಹಾಗೆಲ್ಲ ನೆಮ್ಮದಿಯೂ ತುಂಬುತ್ತಿತ್ತು.

ಅದನ್ನು ಕದಡಿದ್ದು ಹಿರಿಯ ಸಹೋದ್ಯೋಗಿಯೊಬ್ಬರ ಪ್ರಶ್ನೆ: “ಇವನ್ನು ಸರ್ವರಿಗೆ ಯಾವತ್ತಾದರೂ ಹಾಕಿ ನೋಡಿದ್ದೀರಾ?”

ನೋಡಿರಲಿಲ್ಲ. ಸುಟ್ಟದ್ದು ನನ್ನ ಮೇಜಿನ ಕಂಪ್ಯೂಟರಿನಲ್ಲಿ, ಸರಿಯಾಗಿದೆಯೇ ಎಂದು ಪರೀಕ್ಷಿಸಿದ್ದೂ ಅದೇ ಡ್ರೈವಿನಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಆ ಡ್ರೈವ್ ತಾನು ಗೀಚಿದ್ದನ್ನು ತಾನೇ ಓದಿಕೊಂಡು, ಒಂದಕ್ಷರವೂ ತಪ್ಪಿಲ್ಲ ಎಂದು ನನಗೆ ಪ್ರಮಾಣಪತ್ರ ಕೊಡುತ್ತ ಬಂದಿತ್ತು.

ಸರ್ವರನ್ನು ನಿಲ್ಲಿಸಲು ಸಿಗುತ್ತಿದ್ದದ್ದು ಭಾನುವಾರ ರಾತ್ರಿ ಮಾತ್ರ. ಮೊದಲ ಭಾನುವಾರ ಡಬ್ಬಿಯ ತಳದಲ್ಲಿದ್ದ ಡಿಸ್ಕನ್ನೇ ಹಾಕಿದೆ. ಗುಂಯ್ ಎಂದು ತಿರುಗಿತು, ಬೂಟ್ ಮಾಡಬಲ್ಲ ಡಿಸ್ಕ್ ಇಲ್ಲ ಎಂಬ ಸಂದೇಶ ಬಂತು. ಇದು ನನ್ನದೇ ಘನಕಾರ್ಯ. ಐಎಸ್ಒ ಇಮೇಜನ್ನು (ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಫೈಲಿನಲ್ಲಿ ಹಿಡಿದಿಟ್ಟದ್ದು) ಇಮೇಜಾಗಿ ಬರೆಯುವ ಬದಲು, ಅದೂ ಒಂದು ಫೈಲ್ ಎಂಬಂತೆ ಎಳೆದು ತಂದು ಡಿಸ್ಕಿಗೆ ಹಾಕಿದ್ದೆ. ಸಿಡಿಯಿಂದ ಬೂಟ್ ಮಾಡುವುದಕ್ಕೆ 1995ರಲ್ಲಿ ಎಲ್ ಟೊರಿಟೊ ಎಂಬ ನಿಯಮಾವಳಿ ಬಂತು. ಅದರ ಪ್ರಕಾರ ಬಯೋಸ್, ಅಂದರೆ ಯಂತ್ರ ಹೊತ್ತಿಸಿದೊಡನೆ ಮೊದಲು ಏಳುವ ಪುಟ್ಟ ತಂತ್ರಾಂಶ, ನೇರವಾಗಿ ಡಿಸ್ಕಿನ 17ನೇ ಸೆಕ್ಟರಿಗೆ ಹೋಗಿ, ಬೂಟ್ ಸಾಮಗ್ರಿ ಎಲ್ಲಿದೆ ಎಂಬ ಚೀಟಿಯನ್ನು ಹುಡುಕುತ್ತದೆ. ನನ್ನ ಡಿಸ್ಕಿನಲ್ಲಿ ಆ ಚೀಟಿ ಇತ್ತು, ಆದರೆ ಇಮೇಜಿನ ಹೊಟ್ಟೆಯೊಳಗೆ. ಬೀಗಕ್ಕೆ ಕೀಲಿಕೈಯ ಫೋಟೋ ತುರುಕಿದಂತಾಗಿತ್ತು. ಅಂಥ ಡಿಸ್ಕುಗಳು ಮೂರಿದ್ದವು. ಅವನ್ನು ಯಾರಿಗೂ ಕಾಣದಂತೆ ಚೀಲಕ್ಕೆ ಸೇರಿಸಿದೆ.

ಉಳಿದವನ್ನು ಸರಿಯಾಗಿಯೇ ಬರೆದಿದ್ದೆ. ಆದರೂ ಸರ್ವರಿನ ಡ್ರೈವ್ ಅವನ್ನು ನುಂಗಿ, ಎರಡು ನಿಮಿಷ ಟಿಕ್ ಟಿಕ್ ಎಂದು ಯೋಚಿಸಿ, ಖಾಲಿ ಎಂದು ಉಗುಳಿತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ಮೊದಲು ಅದನ್ನೇ ಬೈದೆ. ಆಮೇಲೆ ಡಿಸ್ಕಿನ ಮೇಲಿನ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ: ಡಿವಿಡಿ ಪ್ಲಸ್ ಆರ್. ಡಿವಿಡಿ ಮೈನಸ್ ಆರ್ 1997ರದ್ದು, ಪ್ಲಸ್ ಬಂದದ್ದು 2002ರಲ್ಲಿ, ಬೇರೆಯದೇ ಕಂಪನಿಗಳ ಕೂಟದಿಂದ. ಎರಡೂ ಒಂದೇ ಅಗಲ, ಒಂದೇ ಹೊಳಪು. ನಡುವೆ ದಾಯಾದಿ ಕಲಹ. ಪ್ಲಸ್ ಎಂದರೆ ಮೈನಸ್ಸಿಗಿಂತ ಏನೋ ಹೆಚ್ಚಿಗೆ ಇರುತ್ತದೆ ಎಂದು ನಂಬಿ ಆರಿಸಿಕೊಂಡವನು ನಾನು. ಗಣಿತವನ್ನು ಬಾಳಿನಲ್ಲಿ ಬಳಸಿಕೊಂಡ ಅಪರೂಪದ ಸಂದರ್ಭ ಅದು.

ಪ್ಲಸ್ಸಿಗೆ ಒಂದು ವೇಷ ಹಾಕಿಸಬಹುದು ಎಂದು ಆಮೇಲೆ ತಿಳಿಯಿತು. ಪ್ರತಿ ಡಿವಿಡಿಯ ಮೊದಲಲ್ಲೂ ನಾನು ಇಂಥ ಜಾತಿಯವನು ಎಂದು ಹೇಳುವ ಒಂದು ಗುರುತು ಇರುತ್ತದೆ, ಅದಕ್ಕೆ ಬುಕ್ ಟೈಪ್ ಎನ್ನುತ್ತಾರೆ. ಬರೆಯುವಾಗ ಅಲ್ಲಿ ‘ಡಿವಿಡಿ ರೋಮ್’ ಎಂದು ನಮೂದಿಸಿಬಿಟ್ಟರೆ ಹಳೆಯ ಡ್ರೈವ್ ಅದನ್ನು ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕ್ ಎಂದು ನಂಬಿ ಗೌರವದಿಂದ ಓದುತ್ತದೆ. ಈ ಸುಳ್ಳು ಹೇಳಲು ಬರೆಯುವ ಡ್ರೈವಿಗೆ ಬರಬೇಕು. ನನ್ನದು ಸತ್ಯಸಂಧ.

ಇಷ್ಟಾದ ಮೇಲೂ ಜಿಪುಣತನ ಬಿಡಲಿಲ್ಲ. ಪ್ರಯೋಗಕ್ಕೆ ಹೊಸ ಡಿಸ್ಕ್ ಏಕೆ ಹಾಳು ಮಾಡಬೇಕು ಎಂದು, ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯೂ ತಂದೆ. ಅದು ಬೆಳಕನ್ನು ಉಳಿದವುಗಳಷ್ಟು ಪ್ರತಿಫಲಿಸುವುದಿಲ್ಲ. ಎರಡು ಪದರದ ಡಿಸ್ಕೂ ಅಷ್ಟೇ ಮಂಕು. ಹಾಗಾಗಿ ಹಳೆಯ ಡ್ರೈವುಗಳು ಇದನ್ನು ಅದೆಂದು ತಿಳಿದು, ಇಲ್ಲದ ಎರಡನೆಯ ಪದರವನ್ನು ಹುಡುಕುವುದುಂಟು. ಒಂದು ಭಾನುವಾರ ಹೀಗೆ ಹೋಯಿತು. ಇನ್ನೊಂದು ಭಾನುವಾರ, 4.7 ಗಿಗಾಬೈಟ್ ಎಂದು ಬರೆದ ಡಿಸ್ಕಿಗೆ ಕಂಪ್ಯೂಟರಿನ ಲೆಕ್ಕದಲ್ಲಿ 4.37 ಮಾತ್ರ ಹಿಡಿಸುತ್ತದೆ ಎಂಬ ಜ್ಞಾನೋದಯದಲ್ಲಿ ಕಳೆಯಿತು.

ಕೊನೆಗೆ ಮೈನಸ್ ಡಿಸ್ಕಿನಲ್ಲಿ, ವೇಗವನ್ನು 4ಎಕ್ಸಿಗೆ ಇಳಿಸಿ, ಸುಮಾರು ಕಾಲು ಗಂಟೆ ಉಸಿರು ಬಿಗಿ ಹಿಡಿದು ಸುಟ್ಟೆ. ಸರ್ವರಿನಲ್ಲಿ ಮೆನು ಕಾಣಿಸಿತು! ಎಂಟರ್ ಒತ್ತಿದೆ. ಪರದೆಯ ಮೇಲೆ ಸಾಲುಗಳು ಧಾವಿಸಿದವು, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎಚ್ಚರವಾಯಿತು, ಕಣ್ಣುಜ್ಜಿಕೊಂಡಿತು, ಕೇಳಿತು: ಡಿಸ್ಕ್ ಎಲ್ಲಿ?

ಅದೇ ಡಿಸ್ಕಿನಿಂದ ಈಗಷ್ಟೇ ಇಳಿದು ಬಂದ ಮಹಾಶಯ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ. ಕಾರಣ ಮಾತ್ರ ನ್ಯಾಯವಾದದ್ದೇ. ಕರ್ನಲ್ಲನ್ನು ಮೆಮೊರಿಗೆ ತಂದು ಇಳಿಸುವವರೆಗೆ ಡ್ರೈವಿನಿಂದ ಓದಿಕೊಡುವುದು ಬಯೋಸ್. ಅಲ್ಲಿಗೆ ಅದರ ಋಣ ತೀರಿತು. ಆಮೇಲೆ ಕರ್ನಲ್ ಡ್ರೈವನ್ನು ಮಾತಾಡಿಸುವ ತನ್ನದೇ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಬಳಸಬೇಕು. ನಾನು ಕಟ್ಟಿಕೊಟ್ಟ ಆರಂಭದ ಬುತ್ತಿಯಲ್ಲಿ, ಅಂದರೆ ಇನಿಟ್ರಾಮ್‌ಡಿಸ್ಕಿನಲ್ಲಿ, ಆ ಡ್ರೈವಿನ ಕಂಟ್ರೋಲರಿಗೆ ಬೇಕಾದ ಡ್ರೈವರ್ ಇರಲಿಲ್ಲ. ಮರುವಾರ ಅದೊಂದನ್ನು ಸೇರಿಸಿ ಮತ್ತೆ ಸುಟ್ಟೆ. ಬ್ಯಾಕಪ್ಪನ್ನು ಹೊಸದಾಗಿ ತೆಗೆಯುವ ತಾಳ್ಮೆ ಇರಲಿಲ್ಲ, ಒಳಗಿದ್ದದ್ದು ತಿಂಗಳ ಹಿಂದಿನದೇ.

ಈ ಬಾರಿ ಕರ್ನಲ್ಲಿಗೆ ಡಿಸ್ಕ್ ಸಿಕ್ಕಿತು. ಖುಷಿಯಲ್ಲಿ ನಾನು ಕುರ್ಚಿಗೆ ಒರಗಿ ಕೈ ಕಟ್ಟಿ ಕುಳಿತೆ. ಪರದೆಯ ಮೇಲೆ ಹೀಗೊಂದು ಸಾಲು ಮೂಡಿತು: ಯಾವುದಾದರೂ ಕೀಲಿ ಒತ್ತಿ ತಡೆಯದಿದ್ದರೆ 20 ಸೆಕೆಂಡಿನಲ್ಲಿ ಹಾರ್ಡ್ ಡಿಸ್ಕನ್ನು ಅಳಿಸಿ ಮರುಸ್ಥಾಪನೆ ಆರಂಭವಾಗುವುದು. ಆಪತ್ತಿನಲ್ಲಿ ಕೈ ನಡುಗುತ್ತದೆ, ಎಲ್ಲವೂ ತಾನಾಗಿ ನಡೆಯಲಿ ಎಂದು ಆ ಆಯ್ಕೆಗೆ ಗುರುತು ಹಾಕಿದವನು ನಾನೇ ಎಂಬುದು ನೆನಪಾದಾಗ 14 ಉಳಿದಿತ್ತು.

ಕೀಲಿ ಒತ್ತಿದೆ. 13. ಎಲ್ಲ ಕೀಲಿಗಳನ್ನೂ ಅಂಗೈಯಲ್ಲಿ ಒತ್ತಿದೆ. 11. ಕೀಬೋರ್ಡ್ ಯುಎಸ್‌ಬಿಯದು. ಮೊದಲ ಮೆನುವಿನಲ್ಲಿ ಬಯೋಸ್ ಅದನ್ನು ನಡೆಸಿಕೊಟ್ಟಿತ್ತು. ಈಗ ಅದಕ್ಕೂ ಡ್ರೈವರ್ ಬೇಕು, ಬುತ್ತಿಗೆ ನಾನು ಸೇರಿಸಿದ್ದು ಒಂದೇ ಒಂದು. ಡಿಸ್ಕನ್ನಾದರೂ ಕಿತ್ತುಕೊಳ್ಳೋಣ ಎಂದು ಡ್ರೈವಿನ ಗುಂಡಿ ಒತ್ತಿದರೆ, ಬಳಕೆಯಲ್ಲಿರುವ ಡಿಸ್ಕನ್ನು ಕರ್ನಲ್ ಒಳಗಿಂದ ಬಾಗಿಲು ಹಾಕಿ ಕಾಯುತ್ತಿತ್ತು. ಹಿಂದಿನ ಭಾನುವಾರ ಎಲ್ಲಿದೆ ಎಂದು ಕೇಳಿದ್ದ ಅದೇ ಕರ್ನಲ್! 6 ಇದ್ದಾಗ ಮೇಜಿನ ಕೆಳಗೆ ನುಗ್ಗಿದೆ. ವಿದ್ಯುತ್ ತಂತಿ ಯಾವುದು, ಜಾಲದ ತಂತಿ ಯಾವುದು ಎಂದು ನೋಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದೆ. ಫ್ಯಾನುಗಳು ನಿಧಾನವಾಗಿ ನಿಂತವು.

ಸೋಮವಾರ ಹಿರಿಯರು ಕೇಳಿದರು, “ಬೂಟ್ ಆಯಿತೇ?”

“ಆಯಿತು ಸರ್,” ಎಂದೆ, “ತುಂಬಾ ಚೆನ್ನಾಗಿ.”