ಕಿಂಗ್ ಹೆಂಗಸು ಅಂತ ನಾನು ಅವತ್ತೇ ಹೇಳಿದ್ದೆ

‘ಇದು ನಮ್ಮೆಲ್ಲರ ಬಾಲ್ಯ ಕಣ್ರೋ!’

ಭಾನುವಾರ ತುಮಕೂರಿನ ಬಟವಾಡಿಯಲ್ಲಿ, ಅಣ್ಣನ ಮನೆಯಲ್ಲಿ ಈ ಮಾತು ಕೇಳಿದೆ. ಇವತ್ತು ಶನಿವಾರ. ಆರು ದಿನ ಆಯಿತು, ಇನ್ನೂ ಕಿವಿಯಿಂದ ಹೋಗಿಲ್ಲ. ಬರೆದು ಹಾಕಿದರಾದರೂ ಹೋಗುತ್ತಾ ನೋಡೋಣ ಅಂತ ಕೂತಿದ್ದೇನೆ.

ಅಣ್ಣ ಒಂದು ಹಳೇ ಆಟಗಳ ಬಾಕ್ಸ್ ತರಿಸಿದ್ದಾನೆ. ಉದ್ದನೆಯ ಮಣೆಯಂಥದ್ದು. ಮೇಲೆ ಎರಡು ಜಾಯ್‌ಸ್ಟಿಕ್, ಸಾಲಾಗಿ ಬಣ್ಣದ ಬಟನ್‌ಗಳು. ಟಿವಿಗೆ ವೈರ್ ಸಿಕ್ಕಿಸಿದರೆ ಆಯಿತು. ಅವನ ಹಳೇ ಗ್ಯಾಂಗ್ ಪೂರ್ತಿ ಬಂದಿತ್ತು. ನಿಮ್ಮಲ್ಲಿ ಸುಮಾರು ಜನಕ್ಕೆ ಅವರೆಲ್ಲ ಗೊತ್ತು. ಎಲ್ಲರೂ ಈಗ ನಲವತ್ತರ ಆಸುಪಾಸು. ನಾನು ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆ. ಅದು ಆರಿ ಹೋಗುತ್ತಿದ್ದರೂ ಒಬ್ಬರೂ ಕೈ ಹಾಕಿರಲಿಲ್ಲ. ಟಿವಿಯಲ್ಲಿ ‘ಕಿಂಗ್ ಆಫ್ ಫೈಟರ್ಸ್ 97’ ಅನ್ನುವ ಹೊಡೆದಾಟದ ವಿಡಿಯೋ ಗೇಮ್ ಓಡುತ್ತಿತ್ತು.

ಆ ಮ್ಯೂಸಿಕ್ ಕೇಳಿದ್ದೇ ತಡ, ನನ್ನ ಕೈ ಮೇಲಿನ ರೋಮ ಎದ್ದು ನಿಂತಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಜಾಸ್ತಿ ಬೈಯುವುದಿದೆ. ಈ ಆಟ ಅಂದರೆ ನನಗೆ ಪ್ರಾಣ. ಯಾರು ಯಾರ ತಂಡ, ಯಾರ ಒದೆ ಎಷ್ಟು ದೂರ ಹೋಗುತ್ತದೆ, ಯಾರು ಗೆದ್ದರೆ ಹೇಗೆ ನಗುತ್ತಾರೆ, ಎಲ್ಲ ಗೊತ್ತು. ಎ ಬಟನ್ ಅಂದರೆ ಸಣ್ಣ ಗುದ್ದು, ಬಿ ಅಂದರೆ ಸಣ್ಣ ಒದೆ, ಸಿ ದೊಡ್ಡ ಗುದ್ದು, ಡಿ ದೊಡ್ಡ ಒದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಭಾನುವಾರದ ತನಕ ನಾನು ಆ ಆಟವನ್ನು ಒಂದು ಸಲವೂ ಆಡಿರಲಿಲ್ಲ.

ಒಂದು ಸಲವೂ.

1999ರಲ್ಲಿ ನನಗೆ ಹನ್ನೊಂದು ವರ್ಷ. ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇತ್ತು. ರೈಲು ಡಬ್ಬಿಯಂಥ ಉದ್ದನೆಯ ಕೋಣೆ, ಐದು ಮಿಷನ್, ಬಾಗಿಲಿಗೆ ಹಸಿರು ಪರದೆ. ಒಂದು ರೂಪಾಯಿ ಹಾಕಿದರೆ ಒಂದು ಆಟ. ಗೆದ್ದವನು ಆಡುತ್ತಾ ನಿಲ್ಲಬೇಕು, ಸೋತವನು ಪಕ್ಕಕ್ಕೆ ಸರಿಯಬೇಕು. ಅಣ್ಣ ಟ್ಯೂಷನ್ ಮುಗಿಸಿ ಸೀದಾ ಅಲ್ಲಿಗೇ ಹೋಗುತ್ತಿದ್ದ. ‘ಹೋಗಿ ನಿಮ್ಮಣ್ಣನ್ನ ಎಳ್ಕೊಂಡು ಬಾ’ ಅಂತ ಅಮ್ಮ ನನ್ನನ್ನು ಓಡಿಸುತ್ತಿದ್ದಳು.

ನಾನು ಹೋಗಿ ಅವನನ್ನು ಕರೆಯುತ್ತಿರಲಿಲ್ಲ. ಪರದೆಯ ಒಂದು ತುದಿ ಸ್ವಲ್ಪ ಸರಿಸಿಕೊಂಡು ಹೊಸ್ತಿಲ ಈಚೆ ನಿಂತು ನೋಡುತ್ತಿದ್ದೆ. ಇಪ್ಪತ್ತು ನಿಮಿಷ, ಕೆಲವು ಸಲ ಅರ್ಧ ಗಂಟೆ. ಬಾಗಿಲಿಗೆ ಹತ್ತಿರ ಇದ್ದ ಮಿಷನ್ನೇ ನಮ್ಮ 97. ನಾನು ನಿಲ್ಲುವ ಜಾಗದಿಂದ ಅದರ ಸ್ಕ್ರೀನ್ ಸ್ವಲ್ಪ ಓರೆಯಾಗಿ ಕಾಣುತ್ತಿತ್ತು. ಎಡಗಡೆ ನಿಂತು ಆಡುವವನ ಕೈ ಚೆನ್ನಾಗಿ ಕಾಣುತ್ತಿತ್ತು, ಬಲಗಡೆಯವನ ಬೆನ್ನು ಮಾತ್ರ. ಎಡಗಡೆ ಕೈ ನೋಡಿ ನೋಡಿಯೇ ನಾನು ಎಲ್ಲ ಕಲಿತೆ. ಸ್ಟಿಕ್ ಕೆಳಗೆ, ಅಲ್ಲಿಂದ ಮುಂದಕ್ಕೆ ಉರುಳಿಸಿ ಒದೆ ಒತ್ತಿದರೆ ಕಿಂಗ್ ಅನ್ನುವ ಫೈಟರ್ ಕಾಲಿನಿಂದ ಬೆಂಕಿ ಉಂಡೆ ಹಾರುತ್ತದೆ. ಇಯೋರಿ ಅನ್ನುವ ಇನ್ನೊಬ್ಬನ ದೊಡ್ಡ ಪವರ್‌ಗೆ ಮೊದಲು ಅದೇ ಉರುಳು, ಆಮೇಲೆ ಮುಂದಿನಿಂದ ಕೆಳಗೆ ಸುತ್ತಿಸಿ ಪೂರ್ತಿ ಹಿಂದಕ್ಕೆ ತಂದು ಗುದ್ದು. ಮನೆಗೆ ಬಂದು ಒನಕೆ ತುದಿ ಹಿಡಿದು ಅದನ್ನೇ ತಿರುಗಿಸುತ್ತಿದ್ದೆ. ಅಮ್ಮನಿಗೆ ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುತ್ತಿರಲಿಲ್ಲ.

ಒಂದು ಸಲ ಕಾಲು ಒಳಗೆ ಇಟ್ಟೆ. ಅಂಗಡಿಯವನು ಜೋರಾಗಿ ಏನೂ ಅನ್ನಲಿಲ್ಲ. ‘ಪಾಪು, ಹೆಣ್ಮಕ್ಳು ಇಲ್ಲಿಗೆ ಬರಬಾರ್ದು, ಹೊರಗೆ ನಿಂತ್ಕೋ’ ಅಂದ. ಮೆತ್ತಗೇ ಅಂದ. ಐದೂ ಮಿಷನ್‌ನಿಂದ ಹುಡುಗರು ತಿರುಗಿ ನೋಡಿದರು. ಅಣ್ಣನೂ ನೋಡಿದ. ನೋಡಿ ಮತ್ತೆ ಆಟದ ಕಡೆಗೆ ತಿರುಗಿಕೊಂಡ.

ಇನ್ನು ಆ ರೂಪಾಯಿಯ ವಿಷಯ.

ದೇವರ ಮನೆಯ ಹುಂಡಿಯಿಂದ ಒಂದು ರೂಪಾಯಿ ಕದ್ದೆ. ಇದನ್ನು ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ಅಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ, ಇದ್ದಿದ್ದರೂ ಇವತ್ತು ಬರೆಯುತ್ತಿದ್ದೆ. ನಾನು ಆಡುವಂತಿಲ್ಲ ಅಲ್ವಾ, ಅದಕ್ಕೇ ಅಣ್ಣನ ಕೈಯಲ್ಲಿ ಕೊಟ್ಟೆ. ‘ಕಿಂಗ್ ತಗೋ, ನಾನು ನೋಡಬೇಕು’ ಅಂದೆ. ‘ಆಯ್ತು’ ಅಂದ. ಒಳಗೆ ಹೋಗಿ ಕಾಯಿನ್ ಹಾಕಿದ. ಕ್ಯೋ, ಇಯೋರಿ, ಟೆರ್ರಿ ತಗೊಂಡ.

ಆ ಆಟ ಗೊತ್ತಿದ್ದವರಿಗೆ ಇದರ ಅನ್ಯಾಯ ಅರ್ಥವಾಗುತ್ತದೆ. ಅದು ಮೂವರನ್ನು ಆರಿಸಿಕೊಳ್ಳುವ ಆಟ. ಒಬ್ಬರು ಸೋತರೆ ಇನ್ನೊಬ್ಬರು ಬರುತ್ತಾರೆ. ಮೂರು ಜಾಗ ಇತ್ತು. ಎರಡರಲ್ಲಿ ಅವನಿಗೆ ಬೇಕಾದವರನ್ನು ಹಾಕಿಕೊಂಡು, ಕೊನೆಯ ಒಂದು ಜಾಗ ನನ್ನ ಕಿಂಗ್‌ಗೆ ಕೊಡಬಹುದಿತ್ತು. ಕೊಡಲಿಲ್ಲ. ಹೊಸ್ತಿಲ ಈಚೆ ನಿಂತು ಪೂರ್ತಿ ಆಟ ನೋಡಿದೆ. ಇಯೋರಿ ದೊಡ್ಡ ಪವರ್ ಬಿಡುವಾಗ ‘ಅಸೊಬಿ ವಾ ಒವಾರಿ ದಾ’ ಅಂತ ಕಿರುಚುತ್ತಾನೆ. ಆಟ ಮುಗೀತು ಅಂತ ಅದರ ಅರ್ಥ. ಆಗ ನನಗೆ ಗೊತ್ತಿರಲಿಲ್ಲ. ನನ್ನ ಒಂದು ರೂಪಾಯಿಯಲ್ಲಿ ಅವನು ಹಾಗೆ ಕಿರುಚಿದ, ಹುಡುಗರೆಲ್ಲ ಹೋ ಅಂದರು.

ಕಿಂಗ್ ಯಾಕೆ ಅಂತ ಕೇಳಬಹುದು. ಕಿಂಗ್ ಪ್ಯಾಂಟು ಹಾಕುತ್ತಾಳೆ, ಕುತ್ತಿಗೆಗೆ ಬೋ ಕಟ್ಟುತ್ತಾಳೆ, ಗಿಡ್ಡ ಕೂದಲು. ಬರೀ ಕಾಲಿನಲ್ಲೇ ಜಗಳ. ಅಂಗಡಿಯಲ್ಲಿ ಎಲ್ಲರೂ ‘ಕಿಂಗ್ ಒದೀತಾನೆ’, ‘ಕಿಂಗ್ ಸತ್ತ’ ಅನ್ನುತ್ತಿದ್ದರು. ಒಂದು ದಿನ ದಾರಿಯಲ್ಲಿ ಅಣ್ಣನಿಗೆ ಹೇಳಿದೆ: ‘ಕಿಂಗ್ ಒದೀತಾನೆ ಅಲ್ಲ, ಒದೀತಾಳೆ. ದನಿ ಕೇಳಿದ್ರೆ ಗೊತ್ತಾಗಲ್ವಾ?’ ಅವನು, ಅವನ ಗೆಳೆಯರು ರಸ್ತೆಯಲ್ಲೇ ನಿಂತು ನಕ್ಕರು. ‘ಕಿಂಗ್ ಅಂದ್ರೆ ರಾಜ ಕಣೇ!’ ಆಡುತ್ತಿದ್ದವರು ಅವರು. ದಿನಾ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದವರು ಅವರು. ಓರೆಯಲ್ಲಿ ನಿಂತು ನೋಡುತ್ತಿದ್ದ ನನಗೆ ತಿಳಿದದ್ದು ಅವರಿಗೆ ತಿಳಿದಿರಲಿಲ್ಲ.

ದೊಡ್ಡವಳಾದ ಮೇಲೆ ಓದಿದೆ. ಕಿಂಗ್ ಮೊದಲು ಬಂದಿದ್ದು 1992ರ ‘ಆರ್ಟ್ ಆಫ್ ಫೈಟಿಂಗ್’ ಆಟದಲ್ಲಿ. ಅಲ್ಲಿ ಅವಳು ಗಂಡಸಿನ ವೇಷದಲ್ಲೇ ಇರುತ್ತಾಳೆ. ಆಮೇಲೆ ಹೆಂಗಸು ಅಂತ ಗೊತ್ತಾಗುತ್ತದೆ. ಒಳಗೆ ಬರೋಕೆ ಗಂಡಸಿನ ಬಟ್ಟೆ ಹಾಕಿಕೊಂಡವಳು. ಓದಿದ ದಿನ ಆಫೀಸಿನಲ್ಲಿದ್ದೆ. ಎದ್ದು ವಾಶ್‌ರೂಮಿಗೆ ಹೋಗಿ ಅತ್ತೆ. ಯಾಕೆ ಅಂತ ಯಾರಿಗೆ ಹೇಳಲಿ?

ಎಸ್‌ಎನ್‌ಕೆ ಅನ್ನುವ ಒಸಾಕಾದ ಕಂಪನಿ ಈ ಆಟ ಮಾಡಿದ್ದು. ಮೊದಲನೇ ‘ಕಿಂಗ್ ಆಫ್ ಫೈಟರ್ಸ್’ ಬಂದಿದ್ದು 1994ರಲ್ಲಿ. ಆ ಮೊದಲನೇ ಆಟದಲ್ಲೇ ಬರೀ ಹೆಂಗಸರ ಒಂದು ತಂಡ ಇತ್ತು: ಮಾಯ್, ಕಿಂಗ್, ಯೂರಿ. ಮೂರು ವರ್ಷ ಮುಂಚೆ, 1991ರಲ್ಲಿ, ಕ್ಯಾಪ್‌ಕಾಮ್‌ನ ‘ಸ್ಟ್ರೀಟ್ ಫೈಟರ್ 2’ ಬಂದಾಗ ಆರಿಸಿಕೊಳ್ಳಬಹುದಾದ ಎಂಟು ಜನರಲ್ಲಿ ಚುನ್-ಲೀ ಒಬ್ಬಳೇ ಹೆಂಗಸು. 97ರ ಹೆಂಗಸರ ತಂಡದಲ್ಲಿ ಮಾಯ್, ಕಿಂಗ್ ಜೊತೆ ಚಿಜೂರು ಇದ್ದಳು. ಅಂದರೆ ಮಿಷನ್ ಒಳಗೆ ಅವರಿಗೆ ಜಾಗ ಇತ್ತು. ಆ ಮಿಷನ್ ಇಟ್ಟ ಕೋಣೆಯಲ್ಲಿ ನನಗೆ ಇರಲಿಲ್ಲ. ಮಾಯ್‌ಳನ್ನು ಆರಿಸಿಕೊಂಡ ಹುಡುಗರು ಅವಳ ಬಟ್ಟೆ ನೋಡಿ ಆಡುತ್ತಿದ್ದ ಮಾತುಗಳೂ ಹೊಸ್ತಿಲ ತನಕ ಕೇಳಿಸುತ್ತಿದ್ದವು. ಅದನ್ನು ಇಲ್ಲಿ ಬರೆಯಲಾರೆ.

ಚಿಜೂರು ಬಗ್ಗೆ ಒಂದು ಮಾತು ಹೇಳಲೇಬೇಕು. 97ರ ಕಥೆಯಲ್ಲಿ ಒರೋಚಿ ಅನ್ನುವ ದೊಡ್ಡ ಶಕ್ತಿ ಎದ್ದು ಬರುತ್ತದೆ. ಅದನ್ನು ಕಟ್ಟಿಹಾಕಲು ಮೂರು ಮನೆತನದವರು ಬೇಕು. ಕತ್ತಿಯ ಮನೆತನದ ಕ್ಯೋ, ಮಣಿಯ ಮನೆತನದ ಇಯೋರಿ, ಕನ್ನಡಿಯ ಮನೆತನದ ಚಿಜೂರು. ಈ ಮೂವರನ್ನು ಒಂದೇ ತಂಡ ಮಾಡಿ ಗೆದ್ದರೆ ಅದಕ್ಕೇ ಅಂತ ಬೇರೆ ಮುಕ್ತಾಯ ಇದೆ. ಅಣ್ಣನ ಗ್ಯಾಂಗ್ ಎಷ್ಟು ವರ್ಷ ಆಡಿತು! ಎಷ್ಟು ರೂಪಾಯಿ ಹಾಕಿತು! ಆ ಮುಕ್ತಾಯವನ್ನು ಒಬ್ಬರೂ ನೋಡಿಲ್ಲ. ಭಾನುವಾರ ಕೇಳಿದೆ. ‘ಅಂಥದ್ದೊಂದು ಇದ್ಯಾ?’ ಅಂದರು. ಕ್ಯೋ ಇದ್ದ, ಇಯೋರಿ ಇದ್ದ. ಮೂರನೆಯವಳನ್ನು ಯಾರೂ ತಗೊಳ್ಳಲೇ ಇಲ್ಲ.

ಸರಿ, ಭಾನುವಾರಕ್ಕೆ ಬರುತ್ತೇನೆ.

ಮೊದಲು ಸ್ವಲ್ಪ ಹೊತ್ತು ಅವರೆಲ್ಲ ಗೊಣಗುತ್ತಿದ್ದರು. ಬಟನ್ ಲೇಟಾಗಿ ಕೇಳುತ್ತೆ, ಹಳೇ ಮಜಾ ಇಲ್ಲ, ಬಾಕ್ಸೇ ಡೂಪ್ಲಿಕೇಟು ಅಂತ. ಹಳೇ ಡಬ್ಬಾ ಪರದೆಯಲ್ಲಿ ಒತ್ತಿದ ಕೂಡಲೇ ಒದೆ ಬೀಳುತ್ತಿತ್ತು. ಈಗಿನ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಒಂಚೂರು ಹೊತ್ತು ತಗೊಳ್ಳುತ್ತದೆ, ಈ ಆಟಕ್ಕೆ ಆ ಒಂಚೂರೇ ಜಾಸ್ತಿ. ರಿಮೋಟ್ ತಗೊಂಡು ಗೇಮ್ ಮೋಡ್ ಹಾಕಿದ್ದು ನಾನು. ಆಟ ಸರಿಹೋಯಿತು. ಆಗಲೇ ಒಬ್ಬ ಖುಷಿಯಲ್ಲಿ ಅಂದ, ‘ಇದು ನಮ್ಮೆಲ್ಲರ ಬಾಲ್ಯ ಕಣ್ರೋ!’

‘ನಾನೂ ಆಡ್ತೀನಿ’ ಅಂದೆ. ಎಲ್ಲರೂ ಜಾಗ ಬಿಟ್ಟರು. ‘ನಿಂಗೆ ಬರುತ್ತಾ? ಸುಮ್ನೆ ಎಲ್ಲ ಬಟನ್ ಒತ್ತು, ಏನೋ ಒಂದು ಆಗುತ್ತೆ’ ಅಂದ ಅದೇ ಗೆಳೆಯ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಗೊತ್ತು. ಕಿಂಗ್, ಮಾಯ್, ಚಿಜೂರು ತಗೊಂಡೆ. ಸ್ಟಿಕ್ ಹಿಡಿದೆ. ಕೆಳಗೆ, ಮುಂದೆ, ಒದೆ.

ಕಿಂಗ್ ಬರೀ ಗಾಳಿಗೆ ಒದ್ದಳು.

ಮತ್ತೆ ಮಾಡಿದೆ. ಕೂತಳು. ಮತ್ತೆ ಮಾಡಿದೆ. ಹಾರಿದಳು. ಇಪ್ಪತ್ತಾರು ವರ್ಷದಿಂದ ಕಣ್ಣಿಗೆ ಬಾಯಿಪಾಠ ಆಗಿದ್ದು ಕೈಗೆ ಗೊತ್ತೇ ಇರಲಿಲ್ಲ. ಅವರೋ, ಹಳೇ ಸೈಕಲ್ ಹತ್ತಿದ ಹಾಗೆ ಆಡುತ್ತಿದ್ದರು. ಎರಡು ನಿಮಿಷದಲ್ಲಿ ನನ್ನ ಮೂವರೂ ಬಿದ್ದರು. ‘ಪಾಪ, ಇನ್ನೊಂದು ಆಡು’ ಅಂದರು. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ನೆನಪು ಎಲ್ಲರಿಗೂ ಇದೆ, ನನಗೂ ಇದೆ. ಕೈ ಇರುವುದು ಅವರಿಗೆ ಮಾತ್ರ. ಆ ಗಲ್ಲಿಯಲ್ಲಿ ನನ್ನಿಂದ ಕಿತ್ತುಕೊಂಡದ್ದು ಅದು. ಹಾಗಿರುವಾಗ ‘ನಮ್ಮೆಲ್ಲರ’ ಅಂದರೆ ನನಗೆ ಕೋಪ ಬರುತ್ತದೆ. ನಿಮ್ಮ ಬಾಲ್ಯ ಅನ್ನಿ. ಹುಡುಗರ ಬಾಲ್ಯ ಅನ್ನಿ. ಆ ‘ಎಲ್ಲರ’ ಅನ್ನುವ ಪದದೊಳಗೆ ಕೇಳದೆ ನನ್ನನ್ನು ಸೇರಿಸಬೇಡಿ.

ಊಟಕ್ಕೆ ಕೂತಾಗ ಇಷ್ಟನ್ನೂ ಹೇಳಿದೆ. ಅತ್ತಿಗೆ ಮಾತ್ರ ತಲೆಯಾಡಿಸಿದಳು. ಅವಳು ಕೊರಟಗೆರೆಯವಳು, ಅಲ್ಲೂ ಇದೇ ಕಥೆಯಂತೆ. ಬೇರೆಯವರು ಹೇಳಿದ್ದು ಒಂದೇ: ‘ಅಲ್ಲಿ ಸಿಗರೇಟು, ಬೈಗುಳ, ಪುಂಡು ಪೋಕರಿಗಳು. ಹೆಣ್ಮಕ್ಳನ್ನ ಹೇಗೆ ಬಿಡೋಕಾಗುತ್ತೆ? ನಿಮ್ ಒಳ್ಳೇದಕ್ಕೇ ಅಲ್ವಾ?’

ಸಿಗರೇಟು ಇತ್ತು, ನಿಜ. ಬೈಗುಳ ಇತ್ತು, ಅದೂ ನಿಜ. ಆದರೆ ಅಣ್ಣನಿಗೂ ಆಗ ಹದಿನಾಲ್ಕೇ ವರ್ಷ. ಅವನ ಪಕ್ಕದಲ್ಲಿ ಎಂಟು ವರ್ಷದ ಹುಡುಗರು ಸ್ಟೂಲ್ ಹತ್ತಿ ಆಡುತ್ತಿದ್ದರು. ಆ ಹೊಗೆ ಅವರಿಗೆ ಆಗುತ್ತಿತ್ತಾ? ಅವರ ಒಳ್ಳೇದು ಯಾರೂ ಯಾಕೆ ನೋಡಲಿಲ್ಲ? ಸಂಜೆ ಏಳಕ್ಕೆ ಅದೇ ಗಲ್ಲಿಗೆ ಹಾಲು ತರಲು ನನ್ನನ್ನು ಒಬ್ಬಳನ್ನೇ ಕಳಿಸುತ್ತಿದ್ದರು. ಅದೇ ಅಂಗಡಿಯ ಬಾಗಿಲಿಗೆ ಅಣ್ಣನನ್ನು ಕರೆಯಲು ಕಳಿಸುತ್ತಿದ್ದರು. ಕೆಲಸಕ್ಕೆ ಹೋದರೆ ಆ ಗಲ್ಲಿಯಲ್ಲಿ ಪುಂಡರು ಇರುವುದಿಲ್ಲ, ಆಟಕ್ಕೆ ಹೋದರೆ ಇರುತ್ತಾರೆ. ಈ ಲೆಕ್ಕ ನಾನು ಒಪ್ಪುವುದಿಲ್ಲ. ‘ಹುಡುಗೀರಿಗೆ ಅದೆಲ್ಲ ಇಷ್ಟ ಇರ್ಲಿಲ್ಲ ಬಿಡು’ ಅಂತಲೂ ಒಬ್ಬರು ಅಂದರು. ಹುಂಡಿಯಿಂದ ಕದ್ದವಳು ಅವರ ಎದುರಿಗೇ ಕೂತು ಸಾರು ಕಲಸುತ್ತಿದ್ದೆ.

ಆ ರೂಪಾಯಿಯ ವಿಷಯ ಕೇಳಿದೆ. ಅಣ್ಣ ತುತ್ತು ಕೈಯಲ್ಲಿ ಹಿಡಿದು ಯೋಚಿಸಿದ. ‘ನಂಗೆ ನೆನಪೇ ಇಲ್ಲ ಕಣೇ’ ಅಂದ. ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಲೂ ನೆನಪಿಲ್ಲ. ಅವನ ಕೈ ದಾಟಿ ಹೋದ ಸಾವಿರಾರು ಕಾಯಿನ್‌ಗಳಲ್ಲಿ ಅದೂ ಒಂದು. ನನ್ನ ಹತ್ತಿರ ಇದ್ದದ್ದು ಅದೊಂದೇ.

ಹೊರಡುವಾಗ ಬಾಕ್ಸ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ‘ಏ, ಎಲ್ಲಿಗೆ?’ ಅಂದ ಅಣ್ಣ. ‘ನಮ್ಮನೆಗೆ’ ಅಂದೆ. ತಡೆಯಲಿಲ್ಲ. ಕಾರಿನ ತನಕ ಅವನೇ ಚೀಲ ಹೊತ್ತುಕೊಂಡು ಬಂದ.

ಆರು ರಾತ್ರಿ ಆಯಿತು. ಎಲ್ಲರೂ ಮಲಗಿದ ಮೇಲೆ ಟಿವಿ ಸೌಂಡ್ ಕಡಿಮೆ ಮಾಡಿ ಕೂರುತ್ತೇನೆ. ಬುಧವಾರ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದಿತು. ಗುರುವಾರ ಕಿಂಗ್‌ಳ ಬೆಂಕಿ ಉಂಡೆ ಹತ್ತರಲ್ಲಿ ಏಳು ಸಲ ಬಂತು. ನಿನ್ನೆ ಹತ್ತಕ್ಕೆ ಹತ್ತು. ಕ್ಯೋ, ಇಯೋರಿ, ಚಿಜೂರು ಕಟ್ಟಿಕೊಂಡು ಒರೋಚಿ ತನಕವೂ ಹೋದೆ, ಸೋತೆ, ಮತ್ತೆ ಹೋಗುತ್ತೇನೆ. ಇವತ್ತು ಬೆಳಿಗ್ಗೆ ಅಣ್ಣ ಫೋನ್ ಮಾಡಿದ್ದ, ನಾಳೆ ಗೆಳೆಯರು ಬರ್ತಾರೆ, ಬಾಕ್ಸ್ ತಗೊಂಡು ಬಾ ಅಂತ. ಬರುತ್ತೇನೆ, ಆದರೆ ನಾನು ಎಡಗಡೆಯೇ ನಿಲ್ಲುವುದು ಅಂತ ಹೇಳಿದ್ದೇನೆ. ಬಲಗಡೆ ನಿಂತರೆ ಎಲ್ಲ ತಿರುಗುಮುರುಗಾಗಿ ಉರುಳಿಸಬೇಕು. ಆ ಕಡೆಯವನ ಕೈ ನನಗೆ ಯಾವತ್ತೂ ಕಂಡಿರಲಿಲ್ಲ.