ಆನ್‌ಲೈನ್‌ನಲ್ಲಿ ಕಾಟ ಕೊಡುವ ಮಕ್ಕಳಿಗೆಲ್ಲ ಕೀಳರಿಮೆಯಾ? ಹಾಗೇನಿಲ್ಲ

"ಆನ್‌ಲೈನ್‌ನಲ್ಲಿ ಬೇರೆ ಮಕ್ಕಳನ್ನು ಗೋಳು ಹೊಯ್ದುಕೊಳ್ಳುವವರಿಗೆಲ್ಲ ಕೀಳರಿಮೆ, ಆತ್ಮವಿಶ್ವಾಸ ತುಂಬಿದರೆ ಸಾಕು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅದು ಅರ್ಧ ಸತ್ಯ. ಕೆಲವರಿಗೆ ಕೀಳರಿಮೆ ಇರಬಹುದು, ಆದರೆ ಶಾಲೆಯಲ್ಲಿ ಎಲ್ಲರಿಗೂ ಬೇಕಾದ, ತಮ್ಮ ಬಗ್ಗೆ ಬೇಕಾದಷ್ಟು ಹೆಮ್ಮೆ ಇರುವ ಮಕ್ಕಳೂ ಗುಂಪಿನಲ್ಲಿ ತಮ್ಮ ಜಾಗ ಗಟ್ಟಿ ಮಾಡಿಕೊಳ್ಳಲು ಇದನ್ನೇ ಮಾಡುತ್ತಾರೆ. ಇನ್ನು ಕೆಲವರು ಮೊದಲು ತಾವೇ ಕಾಟ ಅನುಭವಿಸಿದವರು, ಈಗ ಸೇಡಿಗೆ ಇಳಿದಿರುತ್ತಾರೆ.

ಪರದೆಯ ಪಾಲೂ ಇದೆ. ಎದುರಿನವರ ಮುಖ ಬಾಡುವುದು ಕಾಣುವುದೇ ಇಲ್ಲ, ಮತ್ತೆ ಕೈ ತಡೆಯುವುದು ಹೇಗೆ? ಆನ್‌ಲೈನ್‌ನಲ್ಲಿ ಹೀಗೆ ಹಿಡಿತ ಸಡಿಲವಾಗುವುದರ ಬಗ್ಗೆ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದರು. ಆಮೇಲೆ "ಸುಮ್ನೆ ತಮಾಷೆಗೆ", "ಎಲ್ಲರೂ ಫಾರ್ವರ್ಡ್ ಮಾಡಿದರು, ನಾನೂ ಮಾಡಿದೆ" ಎಂಬ ಸಮಜಾಯಿಷಿ (ದೊಡ್ಡವರೂ ಇದನ್ನೇ ಹೇಳುತ್ತೇವೆ, ಅಲ್ವಾ?).